ತಾಮ್ ಅಜ್ಜಿಯ ಮುಖ ಯಾರದು?

ಲುವಾ ಚಾಕುವಿನ ಅಲಗನ್ನು ಅತ್ತೆಯ ಗಲ್ಲದಡಿ ತೂರಿಸಿ ಮೇಲಕ್ಕೆ ಎಳೆದಳು. ಹಣೆಯವರೆಗೂ ಕಾಗದ ಕಿತ್ತು ಬಂತು; ನೆರೆಗೂದಲು ಮಾತ್ರ ಬಾಟಲಿಗೆ ಅಂಟಿಕೊಂಡೇ ಉಳಿಯಿತು. ಅದನ್ನು ಉಗುರಿನಿಂದ ಕೆರೆದಳು.

"ನಿಲ್ಸೇ ಅದನ್ನ! ಅಮ್ಮನ ಮುಖಾನ ಹಂಗೆ ಹರೀತಾರಾ?" ಎಂದು ಗಂಡ ಖಾಂಗ್ ಕೂಗಿದ.

"ಲೇಬಲ್ಲು ಕೀಳದೆ ತೈವಾನಿಗೆ ಕಳಿಸೋ ಹಾಗಿಲ್ಲ. ಬಂದರಿನವರು ಹೇಳಿದ್ದನ್ನ ನೀವೇ ಕೇಳಿಸಿಕೊಂಡ್ರಲ್ಲ."

ಕಡಲತೀರದ ಊರಾದ ಫಾನ್ ಥಿಯೆಟ್‌ನ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಮರದ ಪೀಪಾಯಿ. ಮೀನು, ಉಪ್ಪು, ವರ್ಷದ ಬಿಸಿಲು. ಕೆಳಗೆ ಅಡುಗೆಗೆ ಹಾಕುವ ಮೀನಿನ ರಸ ಇಳಿಯುತ್ತದೆ. ಖಾಂಗ್‌ನ ತೀರಿಹೋದ ತಾಯಿ ತಾಮ್ ಅಜ್ಜಿಯ ಮನೆಯ ರಸಕ್ಕೆ ಬಾಟಲಿಯ ಮೇಲಿನ ಅವಳ ಹೆಸರು, ಅವಳ ಮುಖವೇ ಗುರುತು. ತೈವಾನಿನ ಚೌ ಎಂಬ ವ್ಯಾಪಾರಿ ಅದನ್ನು ಕೊಂಡು ತನ್ನ ದೇಶದಲ್ಲಿ ಮಾರುತ್ತಿದ್ದ. ಈ ಸಲ ಖಾಂಗ್ ಅಲ್ಲಿನ ಇನ್ನೊಬ್ಬ ಗಿರಾಕಿಗೂ ಸರಕು ಕಳಿಸಿದ. ಅಲ್ಲಿನ ಬಂದರಿನಲ್ಲೇ ತಡೆದರು. ಆ ಹೆಸರು, ಆ ಚಿತ್ರ ಎರಡನ್ನೂ ಚೌ ಅಲ್ಲಿ ತನ್ನದೆಂದು ನೋಂದಾಯಿಸಿದ್ದ. ಪೆಟ್ಟಿಗೆಗಳೆಲ್ಲ ವಾಪಸು ಬಂದವು. ಇವು ಮಾರಾಟವಾಗದಿದ್ದರೆ ಬರುವ ಸುಗ್ಗಿಗೆ ಪೀಪಾಯಿಗೆ ಮೀನು ಬೀಳುವುದಿಲ್ಲ.

"ಅಣ್ಣ, ನಮ್ಮೂರಲ್ಲಿ ಮಾಡಿಸಿದ ನೋಂದಣಿ ನಮ್ಮ ದೇಶಕ್ಕಷ್ಟೇ," ಅಂದಳು ದಿಯೆಪ್. ಖಾಂಗ್‌ನ ಚಿಕ್ಕಪ್ಪನ ಮಗಳು. ವರ್ತಕರ ಸಂಘದಲ್ಲಿ ಕೆಲಸ.

"ಅಮ್ಮ ಹೆತ್ತದ್ದು ನನ್ನನ್ನ, ಚೌನನ್ನಲ್ಲ. ಇದಕ್ಕೂ ಕಾಗದ ಬೇಕಾ?"

"ಹೆತ್ತದ್ದನ್ನ ಯಾರೂ ಕೇಳಲ್ಲ. ಅಲ್ಲಿ ಮೊದಲು ಅರ್ಜಿ ಹಾಕಿದ್ದು ಯಾರು ಅಂತ ಕೇಳ್ತಾರೆ. ಹೋಗಲಿ, ಅವನ ಹತ್ರ ಒಂದು ಕರಾರಾದ್ರೂ ಬರೆಸಿಕೊಂಡಿದ್ಯಾ?"

ಖಾಂಗ್ ಗತಿಸಿದ ಹಿರಿಯರನ್ನು ಪೂಜಿಸುವ ಪೀಠದ ಕಡೆ ನೋಡಿದ. "ಅಮ್ಮನ ತಿಥಿಗೆ ಬಂದು ಊದುಬತ್ತಿ ಹಚ್ಚಿ ಕೈಮುಗಿದೋನು ಕಣೆ. ನಮ್ಮ ಚಾಪೆ ಮೇಲೆ ಕೂತು ಉಂಡೋನು. ಅಂಥವನಿಗೆ ರುಜು ಹಾಕಪ್ಪಾ ಅನ್ನೋಕಾಗುತ್ತಾ? ಬೀದಿಯೋರು ಉಗೀತಿರಲಿಲ್ವಾ?"

"ಊಟಕ್ಕೆ ಕರೀಬೇಡ ಅಂದೋರ್ಯಾರು? ಕೈ ತೊಳೆದ ಮೇಲೆ ರುಜು ಹಾಕಿಸಿಕೋಬೇಕಿತ್ತು."

ಲುವಾ ನಕ್ಕಳು. "ಪೀಠದ ಮೇಲಿದ್ದ ಅತ್ತೆಯ ಫೋಟೋ ಇಳಿಸಿ ಅವನ ಕೈಗೆ ಕೊಟ್ಟೋರೂ ಇವರೇ. ಧೂಳು ಒರೆಸಿ ಬೇರೆ ಕೊಟ್ರು."

"ಸಾಕು ಸುಮ್ನಿರೇ," ಎಂದ ಖಾಂಗ್, ಆಮೇಲೆ ತಂಗಿಯ ಕಡೆ ತಿರುಗಿ, "ಹಂಗಾದ್ರೆ ಮುಗೀತಾ?" ಎಂದ.

"ಮುಗಿದಿಲ್ಲ. ನಿಮ್ಮದು ಅಂತ ಗೊತ್ತಿದ್ದೇ ತನ್ನ ಹೆಸರಿಗೆ ಮಾಡಿಸಿಕೊಂಡ ಅಂತ ತೋರಿಸಿದ್ರೆ ಅವನ ನೋಂದಣಿ ರದ್ದು ಮಾಡಿ ಅಂತ ಕೇಳಬಹುದು. ಹಳೇ ರಸೀದಿ, ಮೊದಲು ಅಚ್ಚು ಹಾಕಿಸಿದ ಲೇಬಲ್ಲು, ಎಲ್ಲ ಕೂಡಿಸು. ಗೆದ್ದೇ ಗೆಲ್ತೀವಿ ಅಂತ ನಾನು ಮಾತು ಕೊಡಲ್ಲ. ಆದ್ರೆ ಹಿಂಗೇ ಕೂತಿದ್ರೆ ಕೇಳೋ ಅವಧಿಯೂ ಹೋಗುತ್ತೆ."

ಹಳೇ ರಸೀದಿ ಹುಡುಕಲು ಖಾಂಗ್ ಅಟ್ಟಕ್ಕೆ ಏಣಿ ಇಟ್ಟ.

ಇದನ್ನು ಓದುತ್ತಿರುವವರೇ, ನಿಮ್ಮ ಕೈಯಿಂದ ತಯಾರಾಗುವುದು ಏನೇ ಇರಲಿ, ಸರಕು ಗಡಿ ದಾಟುವ ಮೊದಲು ಅದರ ಹೆಸರು ದಾಟಲಿ. ಕಳಿಸುವ ಪ್ರತಿ ದೇಶದಲ್ಲೂ ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕಿ. ಮಾರಿಕೊಡುವವನು ಎಷ್ಟೇ ಹತ್ತಿರದವನಾಗಲಿ, ಹೆಸರು ಯಾರದೆಂದು ಬರೆಸಿಕೊಳ್ಳಿ. ಬರೆಸಿಕೊಂಡು ಕೆಟ್ಟ ನಂಟನ್ನು ನಾವು ಕಂಡಿಲ್ಲ. ಬರೆಸಿಕೊಳ್ಳದೆ ಕೆಟ್ಟದ್ದು ನಮ್ಮ ಬೀದಿಯಲ್ಲೇ ಇದೆ.

ತೈವಾನಿಗೆ ರದ್ದು ಅರ್ಜಿ ಹೋಗಿತ್ತು; ಆದರೂ ಅಜ್ಜಿಯ ತಿಥಿಗೆ ಚೌ ಈ ವರ್ಷವೂ ಬಂದ. ನಮ್ಮ ದೇಶದವಳಾದ ಹೆಂಡತಿಯಿಂದ ಕಲಿತ ನಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದ.

"ಅಕ್ಕಾ, ನಾನು ಮಾಡಿಸದಿದ್ರೆ ಇನ್ಯಾರೋ ಕಳ್ಳ ಮಾಡಿಸಿಕೊಳ್ತಿದ್ದ. ಅಲ್ಲಿ ಈ ಹೆಸರು ಹೊತ್ಕೊಂಡು ಅಂಗಡಿ ಅಂಗಡಿ ತಿರುಗಿದ್ದು ನಾನೇ ಅಲ್ವಾ?"

ಅದು ಸುಳ್ಳಲ್ಲ. ಲುವಾ ತಲೆಯಾಡಿಸಿದಳು.

"ವಾಪಸು ಬಂದಿದ್ದನ್ನೆಲ್ಲ ಇವತ್ತೇ ತಗೋತೀನಿ. ಬೆಲೆಯನ್ನೂ ಏರಿಸ್ತೀನಿ. ಆ ರದ್ದು ಅರ್ಜಿ ಬಿಟ್ಟುಬಿಡಿ, ಇನ್ಮೇಲೆ ನನಗೊಬ್ಬನಿಗೇ ಕೊಡಿ. ಅಮ್ಮನ ಮುಖ ಬಾಟಲಿ ಮೇಲೆ ಹಾಗೇ ಇರುತ್ತೆ."

ಅಂಗಳದಲ್ಲಿ ಬೋಳು ಬಾಟಲಿಗಳು ಬಿಸಿಲಿಗೆ ನಿಂತಿದ್ದವು. ಖಾಂಗ್ ಹೆಂಡತಿಯನ್ನೇ ನೋಡಿದ.

ಲುವಾ ಚೌನ ಬಟ್ಟಲಿಗೆ ಅನ್ನ ಬಡಿಸಿದಳು. ಅದರ ಮೇಲೆ ಮೀನಿನ ತುಂಡು ಇಟ್ಟಳು.

"ಉಣ್ಣಿ," ಅಂದಳು. "ಅರ್ಜಿ ಬಿಡಲ್ಲ."