ಕೂರ್ಮಣ್ಣನ ತಟ್ಟೆಗೆ ಗರಿಕೆ ಬಂತು

ಆಮೆ ನಿಧಾನ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಮ್ಮ ಮನೆಯ ಆಮೆ ನಡೆಯುವುದನ್ನೇ ನಿಲ್ಲಿಸಿದಾಗ ಎರಡು ದಿನ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಾವು ಮಾಡಿದ ತಪ್ಪು ಇನ್ನೊಂದು ಮನೆಯಲ್ಲಿ ಆಗುವುದು ಬೇಡ.

ನಾನು ಸುಂದರೇಶ. ಮನೆ ಚಾಮರಾಜಪುರಂನಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಮನೆಯಲ್ಲಿ ಹೆಂಡತಿ ಶಾರದ, ಮಗ, ಸೊಸೆ, ನಾಲ್ಕನೇ ಕ್ಲಾಸಿನ ಮೊಮ್ಮಗಳು ವಿಭಾ ಇದ್ದಾರೆ. ಎರಡು ವರ್ಷದ ಹಿಂದೆ ಮಗ ವಿಭಾಳ ಹಠಕ್ಕೆ ಸೋತು ಒಂದು ಆಮೆಮರಿ ತಂದ. ಆಫ್ರಿಕಾದ ತಳಿ, ಅಂಗೈಯಷ್ಟಿತ್ತು. ಶಾರದ ನೋಡಿದ್ದೇ ತಡ ಕೈಮುಗಿದುಬಿಟ್ಟಳು.

"ಸಾಕ್ಷಾತ್ ಕೂರ್ಮಾವತಾರ ಕಣ್ರೀ, ಮನೆಗೆ ತಾನಾಗೇ ಬಂದಿದೆ!"

ತಾನಾಗೇ ಎಲ್ಲಿ ಬಂತು, ಮಗ ಕಾರಿನಲ್ಲಿ ತಂದದ್ದು. ಇರಲಿ. ಅಂದಿನಿಂದ ಅವನ ಹೆಸರು ಕೂರ್ಮಣ್ಣ.

ದೇವರ ಮುಂದಿಟ್ಟ ನೈವೇದ್ಯ ನಮಗಿಂತ ಮೊದಲು ಕೂರ್ಮಣ್ಣನ ತಟ್ಟೆಗೆ ಹೋಗುತ್ತಿತ್ತು. ಮೊಸರನ್ನ, ತುಪ್ಪ ಸುರಿದ ಹುಗ್ಗಿ, ಕೋಸಂಬರಿ, ಬಾಳೆಹಣ್ಣಿನ ರಸಾಯನ. ಏಕಾದಶಿ ಬಂದರೆ ಅವನಿಗೂ ಉಪವಾಸ. ಬರೀ ಹಾಲು, ಹಣ್ಣು. ನಾನೇನು ಕಡಿಮೆಯೇ? ಸಂಜೆ ಕಾಫಿ ಕುಡಿಯುವಾಗ ನನ್ನ ಬಿಸ್ಕತ್ತಿನಲ್ಲಿ ಅರ್ಧ ಅವನದು. ಅವನೂ ಖುಷಿಯಾಗಿ ತಿನ್ನುತ್ತಿದ್ದ. ತಿನ್ನುತ್ತಾನೆ ಅಂದಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡೆವು.

ಒಂದು ಬುಧವಾರ ಸೊಪ್ಪಿನ ಮಂಚಮ್ಮ ಬಂದರು. ಅಶೋಕಪುರಂನವರು. ಇಪ್ಪತ್ತು ವರ್ಷದಿಂದ ನಮ್ಮ ಬೀದಿಗೆ ಸೊಪ್ಪು ತರುತ್ತಾರೆ. ಬುಟ್ಟಿ ಇಳಿಸಿದವರು ತುಳಸಿಕಟ್ಟೆಯ ಪಕ್ಕ ಕೂತಿದ್ದ ಕೂರ್ಮಣ್ಣನ ಕಡೆ ನೋಡಿ ನಿಂತರು.

"ಶಾರದಕ್ಕ, ಇದ್ರ ಬೆನ್ಯಾಕೆ ಇಂಗೆ ಗುಡ್ಡೆ ಗುಡ್ಡೆ ಎದ್ದೈತೆ?"

"ಬೆಳೀತಾ ಬೆಳೀತಾ ಹಾಗಾಗುತ್ತೇನೋ ಮಂಚಮ್ಮ."

"ಅಂಗಲ್ಲ ಕಣಕ್ಕ. ಸೋಮ್ವಾರ ಬಂದಾಗ್ಲೂ ಇಲ್ಲೇ ಕುಂತಿತ್ತು. ಇವತ್ತೂ ಇಲ್ಲೇ ಕುಂತೈತೆ." ಅವರು ಕೂರ್ಮಣ್ಣನನ್ನು ಮೆಲ್ಲಗೆ ಎತ್ತಿ ನೆಲಕ್ಕೆ ಬಿಟ್ಟರು. ಕಾಲು ಊರಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಕೊಂಡು ಹಾಗೇ ಉಳಿದ. "ಅಯ್ಯೋ, ಕಾಲಲ್ಲಿ ತ್ರಾಣನೇ ಇಲ್ವಲ್ಲ! ನನ್ ಮಗಳು ಗೌತಮಿ ದಟ್ಟಗಳ್ಳೀಲಿ ಪ್ರಾಣಿ ಡಾಕ್ಟ್ರು ಅಲ್ವಾ, ಇವತ್ತೇ ತೋರಿಸ್ಬುಡಿ."

ಶಾಲೆ ಬಿಟ್ಟು ಬಂದ ವಿಭಾ ಅವನನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಶಾರದ, ನಾನು, ಅವಳು ಮೂವರೂ ಆಟೋದಲ್ಲಿ ದಟ್ಟಗಳ್ಳಿಗೆ ಹೋದೆವು.

ಡಾಕ್ಟರ್ ಗೌತಮಿ ಮೊದಲು ಕೇಳಿದ್ದು ಕಾಗದಪತ್ರ. "ತಪ್ಪು ತಿಳೀಬೇಡಿ ಸರ್. ನಮ್ಮ ಕಾಡಿನ ನಕ್ಷತ್ರ ಆಮೇನ ಮನೇಲಿ ಇಟ್ಕೊಳ್ಳೋದು ಅಪರಾಧ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇದು ಹೊರದೇಶದ್ದು, ನೋಂದಣಿ ಆಗಿದೆ, ಸರಿ." ಆಮೇಲೆ ಚಿಪ್ಪಿನ ಅಂಚು ತೋರಿಸಿದರು. "ಇಲ್ಲಿ ಮೆತ್ತಗೆ ಮುಟ್ಟಿ ನೋಡಿ."

ಮುಟ್ಟಿದೆ. ಚಿಪ್ಪು ಒದ್ದೆ ರಟ್ಟಿನ ಹಾಗೆ ಬಗ್ಗಿತು. ಚಟ್ಟನೆ ಬೆರಳು ತೆಗೆದೆ.

"ಡಾಕ್ಟರ್ ಆಂಟಿ, ಕೂರ್ಮಣ್ಣ ಸತ್ತೋಗ್ತಾನಾ?" ವಿಭಾ ಕೇಳಿಯೇಬಿಟ್ಟಳು.

"ಈಗಲೇ ಹೇಳೋಕಾಗಲ್ಲ ಪುಟ್ಟಿ. ಮೂಳೆ ಮೆತ್ತಗಾಗಿದೆ. ಔಷಧಿ ನಾನು ಕೊಡ್ತೀನಿ. ಆದ್ರೆ ಅವನು ಎದ್ದು ನಡೀಬೇಕು ಅಂದ್ರೆ ಊಟ ನೀವು ಸರಿಮಾಡ್ಬೇಕು. ದಿನಾ ಏನು ತಿಂತಾನೆ?"

ಶಾರದ ಹೆಮ್ಮೆಯಿಂದ ಶುರು ಮಾಡಿದಳು. ಮೊಸರನ್ನ, ಹುಗ್ಗಿ, ಹಾಲು. ಡಾಕ್ಟರ ಮುಖ ನೋಡಿ ನಡುವೆಯೇ ಅವಳ ದನಿ ಇಳಿಯಿತು.

"ದೇವರ ಪ್ರಸಾದ ತಿಂದು ಯಾರಿಗಾದ್ರೂ ಕೇಡಾಗುತ್ತೇನಮ್ಮ?"

"ಪ್ರಸಾದಕ್ಕೆ ನಾನೇನೂ ಅನ್ನಲ್ಲ ಆಂಟಿ, ನನಗೂ ಕೊಡಿ ತಿಂತೀನಿ. ಆದ್ರೆ ಇವನ ಹೊಟ್ಟೆ ಇರೋದು ಹುಲ್ಲು ಅರಗಿಸೋಕೆ. ಹಾಲು-ಮೊಸರು ಇವನಿಗೆ ಅರಗಲ್ಲ. ಅನ್ನ, ಸಕ್ಕರೆ, ಹಣ್ಣು ಹೊಟ್ಟೆ ಕೆಡಿಸುತ್ತೆ. ಬೇಳೆಕಾಳು, ಬಿಸ್ಕತ್ತು ಬೇಡವೇ ಬೇಡ. ಇದ್ಯಾವುದ್ರಲ್ಲೂ ಅವನ ಚಿಪ್ಪಿಗೆ ಬೇಕಾದಷ್ಟು ಕ್ಯಾಲ್ಸಿಯಂ ಇಲ್ಲ."

ಬಿಸ್ಕತ್ತು ಅಂದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ. ಆಮೇಲೆ ನನ್ನ ಮೇಷ್ಟ್ರ ಬುದ್ಧಿ ಎದ್ದಿತು. "ಲೆಕ್ಕದಲ್ಲಿ ಹೇಳಮ್ಮ. ಯಾವುದು ಎಷ್ಟು ಪಾಲು?"

"ಹತ್ತು ಹಿಡಿ ಊಟ ಅಂದ್ರೆ ಎಂಟು ಹಿಡಿ ಹುಲ್ಲೇ ಇರಬೇಕು ಸರ್. ಹಸಿದೋ ಒಣಗಿದ್ದೋ, ಎರಡೂ ಆಗುತ್ತೆ. ಉಳಿದ ಎರಡು ಹಿಡಿ ಎಲೆ, ಸೊಪ್ಪು, ಹೂವು. ಅದೂ ದಿನಾ ಒಂದೇ ಅಲ್ಲ, ಬದಲಾಯಿಸ್ತಾ ಇರಿ. ನಾನು ಹೇಳಿದಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿ. ಬೆಳಗಿನ ಬಿಸಿಲು ಬೇಕು, ಪಕ್ಕದಲ್ಲೇ ನೆರಳೂ ಬೇಕು. ಆಳವಿಲ್ಲದ ತಟ್ಟೇಲಿ ನೀರಿಡಿ."

ಮನೆಗೆ ಬರುವಾಗ ಶಾರದ ಅಳುತ್ತಿದ್ದಳು. "ಪ್ರೀತಿಯಿಂದ ಇಟ್ಟಿದ್ದು ರೀ. ನನ್ನ ಕೈಯಾರೆ ನಾನೇ ಅವನನ್ನ ಮಲಗಿಸಿಬಿಟ್ಟೆ."

"ಅರ್ಧ ಬಿಸ್ಕತ್ತು ನಂದೂ ಇದೆ ಕಣೇ," ಅಂದೆ. ಬೇರೇನು ಹೇಳಲಿ?

ಮಾರನೇ ದಿನ ಮಂಚಮ್ಮ ವಿಚಾರಿಸಿಕೊಳ್ಳಲು ಬಂದರು. ಶಾರದಳ ತಲೆಯಲ್ಲಿ ಒಂದೇ ಪ್ರಶ್ನೆ. "ಮನೇ ಮಗು ಥರ ಇದ್ದವನಿಗೆ ಹುಲ್ಲು ಹಾಕೋದಾ? ಈ ಊರಲ್ಲಿ ಹುಲ್ಲು ಎಲ್ಲಿ ಹುಡುಕಲಿ?"

ಮಂಚಮ್ಮ ನಗುತ್ತಾ ಪೂಜೆಯ ಬುಟ್ಟಿಗೆ ಕೈ ತೋರಿಸಿದರು. "ಇದೇನಕ್ಕ ಮತ್ತೆ? ದಿನಾ ಗಣಪ್ತಿಗೆ ಏರಿಸ್ತೀರಲ್ಲ ಗರಿಕೆ, ಇದು ಉಲ್ಲಲ್ವಾ?"

ಶಾರದ ಬಾಯಿ ಬಿಟ್ಟುಕೊಂಡು ಗರಿಕೆ ನೋಡಿದಳು. ನಾನೂ ನೋಡಿದೆ. ಹಿತ್ತಲ ತುಂಬ ಬೆಳೆದು, ಕಿತ್ತು ಕಿತ್ತು ನನ್ನ ಸೊಂಟ ಬಿದ್ದುಹೋಗಿದ್ದ ಗರಿಕೆ! ಕಾಂಪೌಂಡಿನ ದಾಸವಾಳದ ಎಲೆಯೂ ಹೂವೂ ಆಗುತ್ತದೆಯಂತೆ. ಪಕ್ಕದ ಕಣಗಿಲೆ ಮಾತ್ರ ಮುಟ್ಟಿಸಬಾರದು, ವಿಷ. ಪೇಟೆಯ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅದೂ ಬೇಡ. ಇದನ್ನೆಲ್ಲ ಮಗಳಿಗೆ ಫೋನ್ ಹಚ್ಚಿ ಮಂಚಮ್ಮನೇ ಕೇಳಿ ಹೇಳಿದರು.

ಆದರೆ ಕೂರ್ಮಣ್ಣ ಗರಿಕೆ ಮೂಸಿಯೂ ನೋಡಲಿಲ್ಲ. ಸಿಹಿ ತಿಂದು ಕೆಟ್ಟ ನಾಲಿಗೆ. ಮೂರು ದಿನ ಹೀಗೇ ಆಯಿತು. ಮೂರನೇ ಮಧ್ಯಾಹ್ನ ನಾನು ಹಿತ್ತಲಿಗೆ ಹೋದರೆ ಶಾರದ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಕೂತಿದ್ದಳು. ಬಾಳೆಹಣ್ಣು!

"ಏನೇ ಇದು?"

"ಹಸಿದಿದ್ದಾನೆ ರೀ! ಸತ್ತರೆ ಹೊಟ್ಟೆ ಹಸಿದುಕೊಂಡು ಸಾಯಬೇಕಾ?"

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಹಣ್ಣು ಇಸಿದುಕೊಂಡು ಗೌತಮಿಗೆ ಫೋನ್ ಮಾಡಿದೆ. ಆಕೆ ಬೈಯಲಿಲ್ಲ. "ಫೋನ್ ಮಾಡಿದ್ದು ಒಳ್ಳೇದಾಯ್ತು. ಗರಿಕೆ ತುಂಬ ಸಣ್ಣಗೆ ಹೆಚ್ಚಿ, ದಾಸವಾಳದ ಎಸಳು ಕಲಸಿ ಇಡಿ. ದಿನಾ ಎಸಳು ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬನ್ನಿ. ನಾಳೆಗೂ ತಿನ್ನದಿದ್ರೆ ಇಲ್ಲಿಗೆ ತನ್ನಿ."

ಶಾರದ ಮೆಣಸಿನಕಾಯಿ ಹೆಚ್ಚುವಷ್ಟು ಸಣ್ಣಗೆ ಗರಿಕೆ ಹೆಚ್ಚಿದಳು. ಕೆಂಪು ಎಸಳು ಕಲಸಿದಳು. ವಿಭಾ ನೆಲದ ಮೇಲೆ ಬೋರಲು ಮಲಗಿ ನೋಡತೊಡಗಿದಳು. ಮಂಡಿನೋವು ಮರೆತು ನಾವಿಬ್ಬರೂ ಪಕ್ಕದಲ್ಲಿ ಕೂತೆವು. ಕೂರ್ಮಣ್ಣ ಕುತ್ತಿಗೆ ಚಾಚಿದ. ಒಂದು ಕಣ್ಣಿನಿಂದ ಕೆಂಪು ನೋಡಿದ. ಬಾಯಿ ತೆರೆದು ಕಚ್ಚಿದ. ಎಸಳಿನ ಜೊತೆ ಹುಲ್ಲೂ ಹೋಯಿತು.

"ತಾತ, ನುಂಗಿದ!" ವಿಭಾ ಪಿಸುಗುಟ್ಟಿದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಕುತೂಹಲ: ಇವತ್ತು ಯಾವುದನ್ನು ಇಷ್ಟಪಡುತ್ತಾನೆ? ವಿಭಾ ಒಂದು ಚಾರ್ಟು ಬರೆದು ಫ್ರಿಜ್ಜಿಗೆ ಅಂಟಿಸಿದಳು. ಹುಲ್ಲಂತೂ ದಿನಾ. ಜೊತೆಗೆ ಒಂದು ದಿನ ದಾಸವಾಳದ ಎಲೆ, ಒಂದು ದಿನ ಔಷಧಿ ಹೊಡೆಯದ ಹಿಪ್ಪುನೇರಳೆ ಎಲೆ, ಒಂದು ದಿನ ಒಂದೆಲಗ. ಮಂಚಮ್ಮ ಪಾಪಾಸುಕಳ್ಳಿಯ ಮುಳ್ಳು ಪೂರ್ತಿ ಹೆರೆದು ತಂದುಕೊಟ್ಟಾಗ ಅವನು ತಟ್ಟೆಯನ್ನೇ ತಳ್ಳಿಕೊಂಡು ತಿಂದ. ಶಾರದಳ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. "ಪಾಲಕ್ ಕೊಡಬಹುದಾ?" ಅಪರೂಪಕ್ಕೆ ಮಾತ್ರ, ಅದು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ ಅಂದರು ಡಾಕ್ಟರು. "ಏಕಾದಶಿಗೆ?" ಅವನಿಗೆ ಏಕಾದಶಿ ಇಲ್ಲ ಆಂಟಿ ಅಂದರು.

ಇಷ್ಟೆಲ್ಲ ಆದರೂ ಅವನು ಏಳಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ವಾರ ವಾರ ದಟ್ಟಗಳ್ಳಿಗೆ ಹೋಗಿಬಂದೆವು. ತೆವಳುತ್ತಿದ್ದ, ಅಷ್ಟೇ. ಕೂರ್ಮಣ್ಣ ಯಾವಾಗ ನಡೀತಾನೆ ಅಂತ ವಿಭಾ ದಿನಾ ಮಲಗುವ ಮುಂಚೆ ಕೇಳುತ್ತಿದ್ದಳು.

ಮೂರನೇ ತಿಂಗಳ ಒಂದು ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಹೊರಗಿನಿಂದ ಶಾರದ ಕೂಗಿದ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು.

"ಎದ್ದ! ರೀ, ಬನ್ರೀ! ವಿಭಾ! ಎದ್ದುಬಿಟ್ಟ ಕಣೇ!"

ಓಡಿದೆವು. ಕೂರ್ಮಣ್ಣ ನಾಲ್ಕೂ ಕಾಲು ಊರಿ ನಿಂತಿದ್ದ. ಹೊಟ್ಟೆ ನೆಲದಿಂದ ಎರಡು ಬೆರಳು ಮೇಲಿತ್ತು. ನಡುಗುತ್ತಾ ಒಂದು ಹೆಜ್ಜೆ ಇಟ್ಟ, ನಿಂತ, ಇನ್ನೊಂದು ಇಟ್ಟ. ಗೇಟಿನ ತನಕ ನಡೆಯಲು ಅವನಿಗೆ ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ನಾವು ಮೂವರೂ ಹಿಂದೆ ಹಿಂದೆಯೇ ನಡೆದೆವು. ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ?

ಬೆನ್ನ ಮೇಲಿನ ಆ ಗುಡ್ಡೆಗಳು ಮಾತ್ರ ಹೋಗುವುದಿಲ್ಲವಂತೆ. ಹೊಸದಾಗಿ ಬೆಳೆಯುವ ಚಿಪ್ಪು ಸರಿಯಾಗಿ ಬರುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಈ ಜಾತಿಯ ಆಮೆ ಎಪ್ಪತ್ತು ವರ್ಷ ಬದುಕಬಲ್ಲದು. ನಾನೂ ಶಾರದಳೂ ಹೋದಮೇಲೂ, ವಿಭಾಳ ತಲೆ ನರೆತ ಮೇಲೂ, ನಾವು ಬಡಿಸಿದ್ದನ್ನು ಅವನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ.

ನಿಮ್ಮ ಮನೆಯಲ್ಲೂ ಆಮೆ ಇದೆಯೇ? ಹಾಗಿದ್ದರೆ ಇವತ್ತೇ ಅದರ ತಟ್ಟೆ ನೋಡಿ. ಅದರಲ್ಲಿ ಅನ್ನ, ಹಾಲು, ಬಿಸ್ಕತ್ತು ಇದ್ದರೆ ತೆಗೆದುಬಿಡಿ. ನಿಮ್ಮದು ಯಾವ ತಳಿ, ಅದರ ಊಟ ಏನು ಅಂತ ಪಶುವೈದ್ಯರನ್ನು ಕೇಳಿ, ಏಕೆಂದರೆ ಎಲ್ಲ ಆಮೆಗೂ ಒಂದೇ ಊಟವಲ್ಲ. ಅದು ನೆಟ್ಟಗೆ ನಡೆಯುತ್ತಿದೆಯೇ ಅಂತ ದಿನಾ ಒಮ್ಮೆ ನೋಡಿ. ನಾವು ನೋಡಿರಲಿಲ್ಲ. ನೀವು ನೋಡಿ.