ವಾರಿಜಾಳ ಗಾಡಿಯ ದನಿ

ಹಂಡೆಗೆ ನೀರು ತುಂಬುತ್ತ, ಬೆರಳ ಗೆಣ್ಣಿನಿಂದ ಅದರ ಹೊಟ್ಟೆಯನ್ನು ಕುಟ್ಟಿ ನೋಡುತ್ತಿದ್ದೆ. ಅರ್ಧ ತುಂಬಿದಾಗ ಬರುವ ಸದ್ದು ಒಂದು ಬಗೆ, ಕಂಠದವರೆಗೆ ತುಂಬಿದಾಗ ಇನ್ನೊಂದು. ನಮ್ಮ ಬಚ್ಚಲಿಗೆ ಬೆಳಕು ಸಾಲದು. ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿ ಎಷ್ಟೋ ಕಾಲವಾಗಿತ್ತು. ಆಗಲೇ ಮುಂದಿನ ರಿಪೇರಿ ಷೆಡ್ಡಿನಿಂದ ನಮ್ಮ ಯಜಮಾನರ ಕೂಗು ಬಂತು.

"ಏನೇ, ಸೀಮೆಎಣ್ಣೆ ಡಬ್ಬ ಎಲ್ಲಿಟ್ಟೆ?"

"ಒಲೆ ಪಕ್ಕದಲ್ಲಿದೆ ನೋಡಿ," ಎಂದೆ. ಮತ್ತೆ ಅದೇ ಪ್ರಶ್ನೆ. ಹೇಳಿದ್ದಕ್ಕೆ ಓಗೊಡದ ಅವರ ಈ ಬಿಗುಮಾನ ನನಗೆ ಸಾಕಾಗಿಹೋಗಿತ್ತು. ನಾನೇ ಡಬ್ಬ ಹಿಡಿದು ಹೋದೆ.

ವರ್ಷಗಳಿಂದ ಗೋಣಿತಾಟು ಹೊದ್ದು ಮೂಲೆಯಲ್ಲಿ ನಿಂತಿದ್ದ ವಾರಿಜಾಳ ಮೋಟಾರ್ ಸೈಕಲ್ಲು ಬೆಳಕಿಗೆ ಬಂದಿತ್ತು.

ವಾರಿಜಾ ನಮ್ಮ ಒಬ್ಬಳೇ ಮಗಳು. ಸ್ವಂತ ದುಡಿಮೆಯಲ್ಲಿ ಗಾಡಿ ಕೊಂಡು, ಅದರ ಮೂಲ ಸೈಲೆನ್ಸರು ಬಿಚ್ಚಿಸಿ, ಹೊರಗಿನಿಂದ ತರಿಸಿದ ಹೊಳೆಯುವ ಇನ್ನೊಂದನ್ನು ಹಾಕಿಸಿದ್ದಳು. ಅದರ ಬಾಲದೊಳಗೆ ತೂತುತೂತಿನ ಒಂದು ಕೊಳವೆ ಕೂರುತ್ತದೆ, ಬ್ಯಾಫಲ್ ಎನ್ನುತ್ತಾರೆ. ಸದ್ದು ನುಂಗುವುದು ಅದರ ಕೆಲಸ. ಅವಳು ಅದನ್ನು ತೆಗೆದಿಟ್ಟು ಓಡಾಡುತ್ತಿದ್ದಳು. ಮೆಕ್ಯಾನಿಕ್ಕನ ಮಗಳು ಬೀದಿಗೆಲ್ಲ ಡಂಗುರ ಹೊಡೆಯುತ್ತಾಳೆಂದು ಜನ ಆಡಿಕೊಂಡರು. ಒಂದು ದಿನ ಯಜಮಾನರು ಅವಳನ್ನು ಕೇಳದೆ ಬ್ಯಾಫಲನ್ನು ಒಳಗೆ ಬಡಿದು ಕೂರಿಸಿ ಬೋಲ್ಟು ಬಿಗಿದರು.

"ನೀವೇ ಹಾಕಿದ್ದು, ನೀವೇ ತೆಗೀರಿ ಅಪ್ಪ. ಅಲ್ಲೀವರೆಗೂ ಈ ಗಾಡೀನೂ ಹತ್ತಲ್ಲ, ಈ ಹೊಸಲೂ ತುಳಿಯಲ್ಲ," ಎಂದವಳೇ ಬಸ್ಸು ಹತ್ತಿ ಬೇರೆ ಊರಿಗೆ ಹೋದಳು. ಅಲ್ಲಿ ಹೆಂಗಸರಿಗೆ ಗಾಡಿ ಓಡಿಸಲು ಕಲಿಸುತ್ತಾಳೆಂಬ ಸುದ್ದಿ ಬಂತು. ಅವಳು ಬರಲಿಲ್ಲ.

ರಾತ್ರಿ ಶಾಲೆಯಲ್ಲಿ ತಡವಾಗಿ ಅಕ್ಷರ ಕಲಿತ ನಾನು ಅವಳಿಗೊಂದು ಕಾಗದ ಬರೆದೆ: ಮನೆಗೆ ಬಾ, ನಿಮ್ಮಪ್ಪನೂ ಕರೆಯುತ್ತಿದ್ದಾರೆ. ಆ ಎರಡನೆಯ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಕಳಿಸಲು ಮನಸ್ಸು ಬರಲಿಲ್ಲ. ಕೆಲಸಕ್ಕೆ ಬಾಗಿದ ಅವರ ಬೆನ್ನ ಹಿಂದೆ ನಿಂತು, "ವಾರಿಜಾಗೆ ಕಾಗದ ಕಳಿಸಲಾ?" ಎಂದು ಎಷ್ಟೋ ಸಲ ಕೇಳಿದೆ. ಆ ಬೆನ್ನು ತಿರುಗಲೇ ಇಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕಾಗದ ಅಕ್ಕಿ ಡಬ್ಬದ ಅಡಿಯಲ್ಲಿ ಹಳದಿಯಾಯಿತು. ನಾನೂ ಮಾತು ಕಡಿಮೆ ಮಾಡಿದೆ.

ಈಗ ಅವರು ಆ ಸೈಲೆನ್ಸರನ್ನು ಬಿಚ್ಚಿ ಮಡಿಲಲ್ಲಿ ಮಲಗಿಸಿಕೊಂಡಿದ್ದರು. ಬೋಲ್ಟು ಕಳಚಿ ಬಂದಿತ್ತು; ತುಕ್ಕು, ಮಸಿ ಹಿಡಿದ ಬ್ಯಾಫಲು ಮಾತ್ರ ಅಲ್ಲಾಡದು. ಪಕ್ಕದ ವೆಲ್ಡಿಂಗ್ ಅಂಗಡಿಯ ದಸ್ತಗೀರ್ ಇಣುಕಿದ.

"ಯಾಕಿಷ್ಟು ಬಾಣಂತನ ಯಜಮಾನ್ರೇ? ಕೊಡಿ ಇಲ್ಲಿ, ಎರಡೇಟು ಹಾಕಿ ಕಿತ್ತು ಕೊಡ್ತೀನಿ!"

"ಊಟ ಆಯ್ತಪ್ಪ. ನಿಂದು?" ಎಂದರು ಇವರು, ತಲೆಯೆತ್ತದೆ.

ದಸ್ತಗೀರ್ ನಗುತ್ತ ಹೋದ. ನನಗೆ ನಗು ಬರಲಿಲ್ಲ.

ಸೀಮೆಎಣ್ಣೆಗೆ ಇಂಜಿನ್ ಎಣ್ಣೆ ಬೆರೆಸಿ ಸಂದಿಗೆ ತೊಟ್ಟುತೊಟ್ಟಾಗಿ ಬಿಟ್ಟರು. ಬಾಲ ಮೇಲಾಗಿ ಗೋಡೆಗೆ ಒರಗಿಸಿದರು. ದಿನವೂ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತುವುದು, ಮತ್ತೆ ಎಣ್ಣೆ ಬಿಡುವುದು. ಬೆಂಕಿ ತೋರಿಸುವಂತಿಲ್ಲ, ಎಣ್ಣೆ ಹೊತ್ತಿಕೊಳ್ಳುತ್ತದೆ. ಬಡಿದರೆ ತೆಳು ತಗಡು ತಗ್ಗು ಬೀಳುತ್ತದೆ. ಸಡಿಲವಾಗುವ ಮೊದಲೇ ಎಳೆದರೆ ಕೊಳವೆ ಹರಿದು ಅರ್ಧ ಒಳಗೇ ಉಳಿಯುತ್ತದೆ. ಮಗಳ ವಸ್ತುವಿಗೆ ಒಂದು ಗೀರೂ ಬೀಳಬಾರದೆಂಬ ಹಟ ಅವರದು.

ಒಂದು ಬೆಳಿಗ್ಗೆ ಮರದ ಹಿಡಿಯಿಂದ ಅದನ್ನು ಮೆಲ್ಲಗೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಆಮೇಲೆ ಮುಖಕ್ಕೆ ಮುಖ ಕೊಟ್ಟು ನನ್ನನ್ನು ನೋಡಿದರು.

"ಸ್ವಲ್ಪ ಕೇಳಿ ಹೇಳ್ತೀಯಾ? ಹಿಡ್ಕೊಂಡಿದ್ರೆ ಮಣ್ಣು ತಟ್ಟಿದ ಹಾಗಿರುತ್ತೆ. ಬಿಟ್ಟಿದ್ರೆ ಒಳಗೆ ಗಲಗಲ ಅನ್ನುತ್ತೆ."

"ಅದು ನಿಮಗೆ ಗೊತ್ತಾಗಲ್ವಾ?"

ಅವರ ಕಣ್ಣು ನನ್ನ ತುಟಿಯ ಮೇಲೆ ನೆಟ್ಟಿತ್ತು. "ಕಿವಿ ಹೋಗಿ ಬಹಳ ಕಾಲ ಆಯ್ತು ಕಣೇ. ಗಿರಾಕಿಗಳಿಗೆ ತಿಳಿದ್ರೆ ಕಿವುಡನ ಹತ್ರ ಯಾರು ಗಾಡಿ ತರ್ತಾರೆ ಅಂತ ಬಾಯಿ ಬಿಡಲಿಲ್ಲ. ಕೈಯಿಟ್ಟು, ಅದುರೋದು ನೋಡ್ಕೊಂಡು ಕೆಲಸ ಮಾಡ್ದೆ."

"ನನಗೂ ಹೇಳಲಿಲ್ಲವಲ್ರೀ!"

"ನೀನು ಮಾತಾಡೋದೇ ಬಿಟ್ಟಿದೀಯ ಅಂದ್ಕೊಂಡಿದ್ದೆ. ಮಗಳನ್ನ ಓಡಿಸಿದ್ದಕ್ಕೆ."

ಮರದ ಹಿಡಿಯನ್ನು ಅವರ ಕೈಯಿಂದ ತೆಗೆದುಕೊಂಡು, ಕಿವಿಯನ್ನು ತಣ್ಣನೆಯ ಸೈಲೆನ್ಸರಿಗೆ ಆನಿಸಿ ತಟ್ಟಿದೆ. ಮಣ್ಣಿನ ಸದ್ದು. ಇನ್ನೂ ಬಿಟ್ಟಿಲ್ಲವೆಂದು ತಲೆಯಾಡಿಸಿದೆ. ಮತ್ತೆ ಎಣ್ಣೆ, ಮತ್ತೆ ಬಿಸಿ ಬಟ್ಟೆ. ಆ ವಾರ ಕಳೆಯುವ ಮುಂಚೆ, ಒಣಗಿದ ಕಾಯಿಯೊಳಗಿನ ಬೀಜದಂತೆ ಒಳಗೇನೋ ಅಲ್ಲಾಡಿತು. ನಾನು ಬೆರಳೆತ್ತಿದೆ. ಅವರು ಇಕ್ಕಳಕ್ಕೆ ಬಟ್ಟೆ ಸುತ್ತಿ, ಅತ್ತ ಕೂದಲೆಳೆಯಷ್ಟು ಇತ್ತ ಕೂದಲೆಳೆಯಷ್ಟು ತಿರುಗಿಸಿ, ನೇರಕ್ಕೆ ಎಳೆದರು. ಬ್ಯಾಫಲು ಇಡಿಯಾಗಿ ಬಂತು, ಕಪ್ಪಗೆ.

ಸೈಲೆನ್ಸರನ್ನು ಗಾಡಿಗೆ ಮತ್ತೆ ಬಿಗಿದು, ಹೊಸ ಪೆಟ್ರೋಲು ಹಾಕಿ ಕಿಕ್ ಹೊಡೆದಾಗ ಸೂರಿನ ಪಾರಿವಾಳಗಳೆಲ್ಲ ಎದ್ದುಹೋದವು. ಅವರು ಕುತ್ತಿಗೆ ವಾಲಿಸಿ ನಿಂತರು.

"ಕೇಳಿಸ್ತಿದೆ," ಎಂದರು. "ದೂರದಲ್ಲಿ ಎಲ್ಲೋ ಇದ್ದ ಹಾಗೆ. ಸಾಕು. ಅವಳು ಬಂದು ಗಾಡಿ ಹತ್ತಿದ್ರೆ, ಹೋಗಿದ್ದೂ ತಿಳೀಬೇಕು ನನಗೆ, ವಾಪಸ್ ಬಂದಿದ್ದೂ ತಿಳೀಬೇಕು."

ನಾನು ಒಳಗೆ ಹೋಗಿ ಅಕ್ಕಿ ಡಬ್ಬ ಎತ್ತಿದೆ. ಕಾಗದವನ್ನು ಅವರ ಕಣ್ಣ ಮುಂದೆ ಹಿಡಿದು, ತುಟಿ ಬಿಡಿಸಿ ಕೇಳಿದೆ: "ಕಳಿಸಲಾ?"

ಅವರು ಅದನ್ನು ಓದಿ, ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡರು. "ಇಷ್ಟು ದಿನ ಯಾಕೆ ಇಟ್ಕೊಂಡಿದ್ದೆ?"

ಬೀದಿ ತುದಿಯ ಅಂಚೆ ಡಬ್ಬಿಗೆ ಇಬ್ಬರೂ ನಡೆದೆವು. ಕಾಗದವನ್ನು ಒಳಗೆ ಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತ, "ಬಿತ್ತಾ?" ಎಂದರು.

ಅವರ ಅಂಗೈಯನ್ನು ಡಬ್ಬಿಯ ಹೊಟ್ಟೆಯ ಮೇಲೆ ಇರಿಸಿ, ಪಕ್ಕದಲ್ಲಿ ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದೆ.