ಗುರುಹ್ ಬೆಸಿಗಾಗಿ ಬಿಟ್ಟ ಕೂದಲು

ನದಿ ದಡದ ನಮ್ಮ ಬೋತಾ ಊರಿನಲ್ಲಿ ಬೈಕು ಕೆಟ್ಟರೆ ಜನ ಮಾನ್ ರಾಕ್‌ನ ಹತ್ತಿರ ಹೋಗುತ್ತಾರೆ. ಅವನ ನಿಜವಾದ ಹೆಸರು ಶಾರಿಮಾನ್ ಅಂತ ನೆನಪಿರುವುದು ಅವನ ಹೆಂಡತಿಗೆ, ಮಸೀದಿಯ ಇಮಾಮರಿಗೆ ಮತ್ತು ಬ್ಯಾಂಕಿನವರಿಗೆ ಮಾತ್ರ. ಐವತ್ತು ದಾಟಿದ ಆಸಾಮಿ, ಬೆನ್ನ ಮೇಲೆ ಸೊಂಟದವರೆಗೆ ಜಡೆ. ಅದೂ ಎಂಥ ಜಡೆ! ಮುಂದೆ ಹಣೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋದರೂ ಹಿಂದೆ ಮಾತ್ರ ಒಂದು ಕೂದಲೂ ಸೋತಿರಲಿಲ್ಲ. ಹೊಸ ಗಿರಾಕಿಗಳು ಹಿಂದಿನಿಂದ ನೋಡಿ, "ಅಕ್ಕಾ, ಮೆಕ್ಯಾನಿಕ್ ಇಲ್ವಾ?" ಅಂತ ಕೇಳಿದ್ದುಂಟು. ತಿರುಗಿದರೆ ಮೀಸೆ!

ಈ ಜಡೆಗೆ ಕಾರಣ ಗುರುಹ್ ಬೆಸಿ. ಅಂದರೆ ಕಬ್ಬಿಣದ ಗುಡುಗು. ಇಪೊ ಪಟ್ಟಣದ ರಾಕ್ ಬ್ಯಾಂಡು. ಅದರ ಹಾಡುಗಾರ ಮಸ್ರಿ ಒಂದು ಕೂಗು ಎತ್ತಿದನೆಂದರೆ, ಅವನು ಅದನ್ನು ಇಳಿಸುವಷ್ಟರಲ್ಲಿ ಕೇಳುವವರ ಉಸಿರು ಕಟ್ಟಿರುತ್ತಿತ್ತು. ಉದ್ದ ಕೂದಲಿನವರನ್ನು ಟಿವಿಯಲ್ಲಿ ತೋರಿಸಬಾರದು ಅಂತ ಮೇಲಿನವರು ಅಪ್ಪಣೆ ಮಾಡಿದ ಕಾಲದಲ್ಲಿ ಉಳಿದವರೆಲ್ಲ ಕತ್ತರಿಗೆ ತಲೆಯೊಡ್ಡಿದರು. ಮಸ್ರಿ ಮಾತ್ರ "ನಿಮ್ಮ ಟಿವಿ ನೀವೇ ನೋಡ್ಕೊಳ್ಳಿ" ಅಂದುಬಿಟ್ಟ. ಆವತ್ತಿನಿಂದ ಮಾನ್ ಅವನ ಭಕ್ತ. ಮದುವೆಯ ದಿನ ಮಂಟಪದಲ್ಲಿ ಗುರುಹ್ ಬೆಸಿ ಹಾಕಿಸಿ, ಮಾವನವರಿಗೆ ತಲೆನೋವು ತರಿಸಿದ ಮಹಾಶಯ ಇವನು.

ಇಂಥ ಬ್ಯಾಂಡು ಒಂದು ದಿನ ಒಡೆದುಹೋಯಿತು. ಮಸ್ರಿಗೂ ಗಿಟಾರಿನ ಲೋಕ್ಮಾನ್‌ಗೂ ಜಗಳವಾಗಿ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಂತೆ ಅಂತ ಸುದ್ದಿ ಬಂದಾಗ ಮಾನ್ ಕಾಫಿ ಅಂಗಡಿಯಲ್ಲಿ ಕೂತಿದ್ದ. ಎದುರಿಗೆ ಅವನ ಬಾಲ್ಯದ ಗೆಳೆಯ, ಕ್ಷೌರದ ಅಂಗಡಿಯ ಕಾತಮುತ್ತು. ಮುತ್ತು ಹೆಣ್ಣು ಮಗು ಹುಟ್ಟಿದ ಸಂತೋಷಕ್ಕೆ ಮುರುಗನ್ ಗುಡಿಯಲ್ಲಿ ಆವತ್ತೇ ಮುಡಿ ಕೊಟ್ಟು ಬಂದಿದ್ದ. ನುಣ್ಣನೆಯ ತಲೆ, ಮೇಲೆ ಗಂಧ. ಆ ತಲೆಯನ್ನು ನೋಡುತ್ತಾ ನೋಡುತ್ತಾ ಮಾನ್‌ನ ಮೈಮೇಲೆ ಏನು ಬಂತೋ, ಎದ್ದು ನಿಂತು ಮೇಜು ಗುದ್ದಿದ.

"ಕೇಳ್ರಪ್ಪಾ ಎಲ್ರೂ! ದೇವರಾಣೆ ಹೇಳ್ತೀನಿ, ಗುರುಹ್ ಬೆಸಿ ಹೊಸ ಆಲ್ಬಮ್ ತರೋವರೆಗೂ ನನ್ನ ತಲೆಗೆ ಕತ್ತರಿ ಮುಟ್ಟಿಸಲ್ಲ. ತಂದ ಮೇಲೆ ಇದೇ ಮುತ್ತು ಕೈಯಲ್ಲಿ ತಲೆ ಬೋಳಿಸ್ಕೊಂಡು, ಇಡೀ ಊರಿಗೆ ಅರಿಶಿನದ ಅಂಟಕ್ಕಿ ಅನ್ನ, ಕಾಯಿಹಾಲಿನ ಕೋಳಿ ರೆಂದಾಂಗ್ ಹಾಕಿಸ್ತೀನಿ!"

ನಮ್ಮ ಕಡೆ ಹರಕೆಯನ್ನು ಮನಸ್ಸಿನಲ್ಲಿ ಹೊರುತ್ತಾರೆ, ಇಲ್ಲವೇ ಹೆಂಡತಿಯ ಕಿವಿಯಲ್ಲಿ ಹೇಳುತ್ತಾರೆ. ಕಾಫಿ ಅಂಗಡಿಯಲ್ಲಿ ಮೇಜು ಗುದ್ದಿ ಹೊತ್ತವನು ಇವನೊಬ್ಬನೇ. ಅವನ ಲೆಕ್ಕದಲ್ಲಿ ಅದು ಒಂದು ವರ್ಷದ ಮಾತು. ಗೆಳೆಯರ ಜಗಳ ಎಷ್ಟು ದಿನ ಇದ್ದೀತು? ಅದು ಇಪ್ಪತ್ತು ವರ್ಷ ದಾಟಿತು. ಕ್ಯಾಸೆಟ್ಟು ಹೋಯಿತು, ಸಿ.ಡಿ. ಹೋಯಿತು, ಹಾಡುಗಳೆಲ್ಲ ಫೋನಿನೊಳಗೆ ಹೋಗಿ ಕೂತವು. ಮುತ್ತುವಿನ ಆ ಮಗಳಿಗೆ ಮದುವೆಯಾಯಿತು. ಮಾನ್‌ನ ಕೂದಲು ಮಾತ್ರ ಬೆಳೆಯುತ್ತಲೇ ಇತ್ತು.

ಅದರ ಉಸಾಬರಿಯೆಲ್ಲ ಹೆಂಡತಿ ರೋಸ್ನಾನಿಯದು. ಮನೆಗೆ ಅಂಟಿಕೊಂಡ ಗ್ಯಾರೇಜಿನ ಮುಂದೆಯೇ ಅವಳ ಬಾಳೆಹಣ್ಣಿನ ಬಜ್ಜಿ ಅಂಗಡಿ. ಶುಕ್ರವಾರ ಬೆಳಿಗ್ಗೆ ಮಾತ್ರ ಒಲೆ ಹಚ್ಚುವ ಮೊದಲು ಗಂಡನನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿ, ತಲೆಗೆ ತೆಂಗಿನೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಜಡೆ ಹಾಕುತ್ತಿದ್ದಳು. "ನಾನು ಕಟ್ಕೊಂಡಿದ್ದು ಗಂಡನ್ನಾ, ಕುದುರೆ ಬಾಲವನ್ನಾ?" ಅಂತ ಬೈಯುವುದೂ ಅದರ ಜೊತೆಗೇ ನಡೆಯುತ್ತಿತ್ತು. ಬೈದರೇನು, ಆ ಜಡೆಗೆ ಬೇರೆ ಯಾರ ಕೈಯನ್ನೂ ಸೋಕಲು ಬಿಟ್ಟವಳಲ್ಲ.

ಹೀಗಿರುವಾಗ ಒಂದು ದಿನ ಮುತ್ತು ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು, ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಗ್ಯಾರೇಜಿಗೆ ಓಡಿ ಬಂದ.

"ಲೇ ಮಾನ್! ಬಂತು ಕಣೋ! ಗುರುಹ್ ಬೆಸಿ! ಮಸ್ರಿ, ಲೋಕ್ಮಾನ್ ಇಬ್ರೂ ಒಂದಾಗಿದಾರೆ! ಹತ್ತು ಹಾಡು!"

ಮಾನ್‌ನ ಕೈಯಿಂದ ಪಾನಾ ಜಾರಿ ಬಿತ್ತು. ಅವನು ಗ್ಯಾರೇಜಿನ ಶಟರ್ ಅರ್ಧಕ್ಕೆ ಎಳೆದು, ಸೋಪು ಹಾಕಿ ಕೈ ತೊಳೆದ. ಮತ್ತೊಮ್ಮೆ ತೊಳೆದ. ಗ್ರೀಸಿನ ಕೈಯಲ್ಲಿ ಆಲ್ಬಮ್ ಮುಟ್ಟಬಾರದು, ಅದು ಫೋನಿನಲ್ಲಿದ್ದರೂ ಸರಿಯೇ. "ಮೊದಲನೇ ಹಾಡಿಂದ ಕೊನೇವರೆಗೂ ಯಾರೂ ಉಸಿರೆತ್ತಬಾರದು" ಅಂತ ಮುತ್ತುವಿಗೆ ತಾಕೀತು ಮಾಡಿ, ಟೈರಿನ ಮೇಲೆ ಕೂತು ಕಣ್ಣು ಮುಚ್ಚಿದ.

ಗಿಟಾರು ಶುರುವಾಯಿತು. ಅಬ್ಬಾ! ಅದೇ ಲೋಕ್ಮಾನ್, ಅದೇ ಕೈ. ಮಾನ್‌ನ ಮೈ ಜುಮ್ಮೆಂದಿತು. ಆಮೇಲೆ ಮಸ್ರಿ ಬಾಯಿ ತೆರೆದ.

ದನಿ ಒರಟಾಗಿತ್ತು, ದಣಿದಿತ್ತು. ಕೂಗು ಬರಬೇಕಾದ ಜಾಗ ಬಂತು. ಮಾನ್ ಟೈರಿನ ತುದಿಗೆ ಜರುಗಿ, ಕೈ ಬಿಗಿಹಿಡಿದು ಕಾದ. ಮಸ್ರಿಯ ದನಿ ಮೇಲೆ ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು. ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ಆಮೇಲೆ ಆ ದನಿ ಮೆತ್ತಗೆ ಕೆಳಗಿಳಿದುಬಿಟ್ಟಿತು. ಎರಡನೆಯ ಹಾಡು ನಿಧಾನ, ಮೂರನೆಯದು ಇನ್ನೂ ನಿಧಾನ. ನಾಲ್ಕನೆಯದು, ಡಾಕ್ಟರು ಹೇಳಿದರೆಂದು ಬೆಳಿಗ್ಗೆ ನಡೆಯಲು ಹೊರಟವನು ದಾರಿಯಲ್ಲಿ ಹಳೆಯ ಗೆಳೆಯನನ್ನು ಕಂಡ ಕಥೆ. ಕಬ್ಬಿಣದ ಗುಡುಗಂತೆ, ಬೆಳಗಿನ ವಾಕಿಂಗಂತೆ!

ಹತ್ತೂ ಮುಗಿದ ಮೇಲೆ ಮಾನ್ ಕಣ್ಣು ತೆರೆದು, "ಇದು ಗುರುಹ್ ಬೆಸಿ ಅಲ್ಲ" ಅಂದ.

"ಏನೋ ಹಾಗಂದ್ರೆ? ಹೆಸರು ಅದೇ ಇದೆ. ಫೋಟೋದಲ್ಲಿ ಇರೋದೂ ಅವರೇ."

"ಯಾರೋ ಮುದುಕ ಹಾಡಿದಾನೆ. ಹೊಸ ಆಲ್ಬಮ್ ಇನ್ನೂ ಬಂದಿಲ್ಲ. ಕತ್ತಿ ಮಡಚಿ ಜೇಬಿಗೆ ಹಾಕ್ಕೋ."

ಮುತ್ತು ಸೊಂಟದ ಮೇಲೆ ಕೈಯಿಟ್ಟ. "ಮುರುಗನ್ ಗುಡೀಲಿ ಎಷ್ಟು ತಲೆ ಬೋಳಿಸೋದು ನೋಡಿದೀನಿ. ದೇವರು ಕೊಟ್ಟ ವರ ನಾನಂದ್ಕೊಂಡಷ್ಟು ಚೆನ್ನಾಗಿಲ್ಲ, ಅದಕ್ಕೇ ಮುಡಿ ಕೊಡಲ್ಲ ಅಂದೋನು ನೀನೊಬ್ಬನೇ ಕಣೋ!"

ಸಂಜೆಯೊಳಗೆ ಸುದ್ದಿ ನದಿಯ ಆಚೆ ದಡ ಮುಟ್ಟಿತ್ತು. ಕಾಫಿ ಅಂಗಡಿಯಲ್ಲಿ ಮಾನ್ ಕಂಡರೆ ಸಾಕು, "ಏನಪ್ಪಾ, ಕೋಳಿ ಉಳಿಸೋಕೆ ಹಾಡೇ ಕೆಟ್ಟೋಯ್ತಾ?" ಅಂತ ಒಬ್ಬ ಕಿಚಾಯಿಸಿದರೆ, "ಬಿಡ್ರೋ, ಪಾಪ, ಜಡೆಗೆ ಹೂ ಮುಡಿಯೋ ಆಸೆ ಇರಬೇಕು" ಅಂತ ಇನ್ನೊಬ್ಬ. ತಡೆಯಲಾರದೆ ಮಾನ್ ಮಸೀದಿಯ ಅಂಗಳಕ್ಕೆ ಹೋಗಿ ಇಮಾಮರ ಮುಂದೆ ಕೂತ. ಆಲ್ಬಮ್ ಅಂದರೇನು, ಯಾವುದು ಆಲ್ಬಮ್ ಅಲ್ಲ ಅಂತ ವಕೀಲನ ಹಾಗೆ ವಾದ ಮಾಡಿದ.

ಇಮಾಮರು ಗಡ್ಡ ನೀವಿಕೊಂಡರು. "ನೋಡು ಶಾರಿಮಾನ್, ತಲೆ ಬೋಳಿಸೋದು ನಿನ್ನ ಹುಚ್ಚು. ಅದು ಹರಕೆಗೆ ಸೇರಲ್ಲ, ಮಾಡು ಬಿಡು, ನಿನಗೂ ಊರಿಗೂ ಬಿಟ್ಟಿದ್ದು. ಆದ್ರೆ ದೇವರ ಹೆಸರು ಹೇಳಿ ಜನಕ್ಕೆ ಊಟ ಹಾಕಿಸ್ತೀನಿ ಅಂದಿದೀಯ. ಆಲ್ಬಮ್ ಬಂದಿದ್ದು ನಿಜ ಅಂತ ನಿನ್ನ ಮನಸ್ಸು ಒಪ್ಪಿದ್ರೆ ಅದನ್ನ ತೀರಿಸಲೇಬೇಕು. ಮನಸ್ಸಲ್ಲಿ ಒಪ್ಕೊಂಡು ಬಾಯಲ್ಲಿ ಇಲ್ಲ ಅನ್ನಬೇಡ, ಅಷ್ಟೇ."

ಮಾನ್ ಎದ್ದು ಚಪ್ಪಲಿ ಮೆಟ್ಟುವಾಗ ಅವರು ಮೆಲ್ಲಗೆ ಅಂದರು: "ನಾನೂ ಕೇಳಿದೆ. ಆ ವಾಕಿಂಗ್ ಹಾಡು ಚೆನ್ನಾಗಿದೆ ಮಾರಾಯ. ನನಗೂ ಮಂಡಿನೋವು."

ಇವರೂ ಆ ಕಡೆಯೇ! ಮಾನ್‌ಗೆ ಉರಿದುಹೋಯಿತು. ಮನೆಗೆ ಬಂದರೆ ಅಲ್ಲಿ ಇನ್ನೊಂದು ಆಶ್ಚರ್ಯ. ರೋಸ್ನಾನಿ ಬಾಣಲೆಯ ಪಕ್ಕ ಫೋನು ನಿಲ್ಲಿಸಿಕೊಂಡು ಅದೇ ಆಲ್ಬಮ್ ಹಾಕಿ, ಬಜ್ಜಿ ತಿರುವುತ್ತಾ ಗುನುಗುತ್ತಿದ್ದಳು. ಹಿಂದೆಲ್ಲ ಗುರುಹ್ ಬೆಸಿ ಶುರುವಾದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ ಹೆಂಗಸು!

"ನಿಲ್ಲಿಸೇ ಅದನ್ನ."

"ಯಾಕೆ ನಿಲ್ಲಿಸಲಿ? ಇಷ್ಟು ವರ್ಷ ಅವನ ಕಿರುಚಾಟ ಸಹಿಸಿದೀನಿ. ಈಗ ಒಂದು ನಾಲ್ಕು ಮಾತು ಆಡ್ತಿದಾನೆ, ಕೇಳಿಸ್ಕೊಳ್ಳೋದು ಬೇಡ್ವಾ?"

ಮಾನ್ ಗ್ಯಾರೇಜಿಗೆ ಹೋಗಿ ಹಳೆಯ ಹಾಡು ಹಾಕಿದ. ಆ ವಾರವಿಡೀ ಗ್ಯಾರೇಜಿನ ಒಳಗೆ ಹಳೆಯ ಗುರುಹ್ ಬೆಸಿ, ಹೊರಗೆ ಹೊಸ ಗುರುಹ್ ಬೆಸಿ. ಬೈಕು ತಂದವರಿಗೆ ಒಂದು ಕಿವಿಗೆ ಯುವಕ ಮಸ್ರಿ, ಇನ್ನೊಂದಕ್ಕೆ ಮುದುಕ ಮಸ್ರಿ.

ಶುಕ್ರವಾರ ಬಂತು. ಗಂಡಹೆಂಡಿರ ಮಾತು ನಿಂತಿದ್ದರೂ ಎಣ್ಣೆ ನಿಲ್ಲಲಿಲ್ಲ. ಮಾನ್ ಮೆಟ್ಟಿಲ ಮೇಲೆ ಕೂತ, ಅವಳು ಹಿಂದೆ ಕೂತು ಜಡೆ ಬಿಚ್ಚಿದಳು. ಬಾಚಣಿಗೆ ತೆಗೆದುಕೊಂಡು ಸಿಕ್ಕು ಬಿಡಿಸತೊಡಗಿದಳು.

"ನಾನೊಂದು ಮಾತು ಹೇಳಲಾ? ಸಿಟ್ಟಾಗಬಾರದು" ಅಂದಳು ರೋಸ್ನಾನಿ. "ನಿಮಗೆ ಆಲ್ಬಮ್ ಬೇಕಾಗಿರಲಿಲ್ಲ ರೀ. ಅದಕ್ಕೆ ಕಾಯ್ತಾ ಇರೋದೇ ಇಷ್ಟ ಆಗಿಬಿಟ್ಟಿತ್ತು."

ಮಾನ್ ಸಿಟ್ಟಾಗಬೇಕೆಂದು ಬಾಯಿ ತೆರೆದ. ಸಿಟ್ಟು ಬರಲಿಲ್ಲ. ಅಂಗಳದ ಕಡೆ ನೋಡುತ್ತಾ ಅಂದ: "ಅವನ ಆ ಕೂಗು ಕೇಳಿದಾಗೆಲ್ಲ ನಾನು ಇಪ್ಪತ್ತೈದರವನು ಕಣೇ. ಈಗ ಅವನಿಗೇ ಉಸಿರು ಸಾಲ್ತಿಲ್ಲ ಅಂದ್ರೆ, ನನ್ನ ಗತಿ ಏನು?"

ಹಿಂದೆ ಬಾಚಣಿಗೆ ನಿಂತಿತು.

"ನೀವು ಎಂಜಿನ್ ಎತ್ತೋವಾಗ ಅರ್ಧಕ್ಕೆ ನಿಂತು ಉಸಿರು ತಗೋತೀರಲ್ಲ, ಬಾಣಲೆ ಮುಂದೆ ನಿಂತು ನಾನು ದಿನಾ ನೋಡ್ತೀನಿ. ನನ್ನ ಎದೆ ಧಸಕ್ ಅನ್ನುತ್ತೆ. ಆಮೇಲೆ ಎತ್ತಿ ಇಡ್ತೀರ. ಅಷ್ಟು ಸಾಕು ನನಗೆ, ಎತ್ತಿದ್ರಲ್ಲ ಅನ್ನಿಸುತ್ತೆ. ಪಾಪ, ಅವನೂ ಅಷ್ಟೇ ತಾನೇ ಮಾಡಿರೋದು? ಅವನ ಹೆಂಡ್ತಿ ಎಷ್ಟು ಹೆದರಿರ್ತಾಳೋ ಏನೋ."

ಮಾನ್ ಕೈ ಚಾಚಿ ಅವಳ ಫೋನು ಕೇಳಿದ. ಮೊದಲ ಹಾಡನ್ನೇ ಹಾಕಿದ. ಕೂಗಿನ ಜಾಗ ಬಂತು. ಮಸ್ರಿ ಹತ್ತಿದ, ನಿಂತ. ಈ ಸಲ ಮಾನ್ ಅವನನ್ನು ಬಿಟ್ಟು ಗಿಟಾರಿನ ಕಡೆ ಕಿವಿಗೊಟ್ಟ. ಮಸ್ರಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಲೋಕ್ಮಾನ್ ಮುಂದೆ ಹೋಗಿರಲಿಲ್ಲ. ಒಂದೇ ಸ್ವರವನ್ನು ಹಿಡಿದುಕೊಂಡು, ಗೆಳೆಯ ಸಾವರಿಸಿಕೊಳ್ಳಲಿ ಅಂತ ಅಲ್ಲೇ ನಿಂತಿದ್ದ. ಮುಖ ನೋಡುವುದಿಲ್ಲ ಎಂದಿದ್ದವನು! ಆ ದನಿ ಇಳಿದದ್ದು ಸೋತು ಇಳಿದದ್ದಲ್ಲ, ಇನ್ನೊಬ್ಬ ಕೈ ಕೊಟ್ಟಿದ್ದಕ್ಕೆ ನೆಮ್ಮದಿಯಿಂದ ಇಳಿದದ್ದು. ಇದನ್ನು ಮೊದಲ ಸಲ ಹೇಗೆ ಕೇಳಿಸಿಕೊಳ್ಳಲಿಲ್ಲ ತಾನು? ಕಿವಿಯೊಳಗೆ ಹಳೆಯ ಕೂಗನ್ನೇ ತುಂಬಿಕೊಂಡು ಕೂತಿದ್ದನಲ್ಲ! ಮಾನ್‌ಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಇಬ್ಬರು ಮುದುಕರ ಮೇಲೆ ಎದೆ ತುಂಬಿ ಪ್ರೀತಿ ಬಂತು. ಎಣ್ಣೆ ಹಚ್ಚಿದ ಕೂದಲನ್ನು ಬೆನ್ನ ಮೇಲೆ ಹರವಿಕೊಂಡು, ಮೀಸೆಯ ಗಂಡಸು ಮೆಟ್ಟಿಲ ಮೇಲೆ ಕೂತು ಅತ್ತ.

ಅತ್ತು ಮುಗಿಸಿ, "ಮುತ್ತೂಗೆ ಹೇಳಿ ಕಳಿಸು" ಅಂದ.

ಭಾನುವಾರ ಹರಕೆ ತೀರಿತು. ಬೆಳಗಾಗುತ್ತಲೇ ಕೇರಿಯ ಹೆಂಗಸರೆಲ್ಲ ತಮ್ಮ ತಮ್ಮ ಈಳಿಗೆ, ಚಾಕು ಹಿಡಿದುಕೊಂಡು ಬಂದರು. ಕಾಯಿ ತುರಿಯುವವರು ಕೆಲವರು, ಮಾತಿನಲ್ಲೇ ಗಂಡಂದಿರನ್ನು ತುರಿಯುವವರು ಕೆಲವರು. ಗಂಡಸರು ಗ್ಯಾರೇಜಿನ ಹಿಂದೆ ಸೌದೆ ಒಲೆ ಹೂಡಿದರು. ದೊಡ್ಡ ಬಾಣಲೆಯಲ್ಲಿ ರೆಂದಾಂಗ್ ಕೊತಗುಟ್ಟುತ್ತಿತ್ತು, ಬಾಡಿಗೆಗೆ ತಂದ ಮದುವೆ ಮನೆಯ ಸ್ಪೀಕರಿನಲ್ಲಿ ಗುರುಹ್ ಬೆಸಿಯ ಹೊಸ ಹಾಡು.

ಮುತ್ತು ಅಂಗಳದ ನಡುವೆ ಕುರ್ಚಿ ಹಾಕಿ, "ಬಾರಪ್ಪಾ ಮದುಮಗನೇ! ನನ್ನ ಕೈ ನಡುಗೋ ವಯಸ್ಸು ಬರೋವರೆಗೂ ಕಾಯಿಸಿದೆಯಲ್ಲೋ" ಅಂತ ಕೂರಿಸಿದ. ಕತ್ತರಿಯನ್ನು ಮೊದಲು ರೋಸ್ನಾನಿಯ ಕೈಗೆ ಕೊಟ್ಟ. ಆ ಜಡೆಯನ್ನು ಯಾವಾಗ ಕತ್ತರಿಸೇನು ಅಂತ ಶುಕ್ರವಾರ ಶುಕ್ರವಾರವೂ ಶಪಿಸುತ್ತಿದ್ದವಳು ಈಗ ಅದನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೇವರಿಸಿದಳು. ಕತ್ತರಿಸುವಾಗ ಮುಖ ಆಚೆ ತಿರುಗಿಸಿದಳು. ಉಳಿದದ್ದನ್ನು ಮುತ್ತು ನೋಡಿಕೊಂಡ. ತಲೆ ಹೊರಗೆ ಬಂದ ಮೇಲೆ ನೋಡಿದರೆ, ಅಯ್ಯೋ, ಮಾನ್ ರಾಕ್ ಇಷ್ಟು ಚಿಕ್ಕ ಮನುಷ್ಯನಾ ಅಂತ ಎಲ್ಲರಿಗೂ ಅನ್ನಿಸಿತು.

ಎಲೆಗಳ ಮೇಲೆ ಹಳದಿ ಅನ್ನ ಬಿತ್ತು. ಅದೇ ಹೊತ್ತಿಗೆ ಸ್ಪೀಕರಿನಲ್ಲಿ ಲೋಕ್ಮಾನ್‌ನ ಗಿಟಾರು ಮೇಲೆದ್ದಿತು. ಮಾನ್‌ನ ಕಣ್ಣುಗಳು ಹೊಳೆಯತೊಡಗಿದವು. ಅವನು ಎದ್ದು ನಿಂತು ಬೋಳು ತಲೆ ಸವರಿಕೊಂಡು, ಮೇಜು ಗುದ್ದಿದ.

"ಕೇಳ್ರಪ್ಪಾ ಎಲ್ರೂ! ದೇವರಾಣೆ ಹೇಳ್ತೀನಿ, ಇವರು ಇನ್ನೊಂದು ಆಲ್ಬಮ್..."

"ಬೇಡಾ!" ಅಂತ ಇಡೀ ಊರು ಕೂಗಿತು. ಇಮಾಮರು ಸಾಕು ಎನ್ನುವಂತೆ ಎರಡೂ ಕೈ ಎತ್ತಿದರು. ಮುತ್ತು ಒಂದು ಹಿಡಿ ಅಂಟಕ್ಕಿ ಅನ್ನ ಉಂಡೆ ಮಾಡಿ ಅವನ ಬಾಯಿಗೆ ತುರುಕಿದ. ಜನ ಬಿದ್ದು ಬಿದ್ದು ನಕ್ಕರು.

ಆ ನಗುವಿನ ನಡುವೆ ಒಲೆಯ ಕಡೆಯಿಂದ ರೋಸ್ನಾನಿಯ ದನಿ ಕೇಳಿಸಿತು. ಕೈಯಲ್ಲಿ ಸೌಟು, ಮುಖವೆಲ್ಲ ಹೊಗೆ.

"ನಾನು ಹೇಳ್ತೀನಿ. ದೇವರಾಣೆ, ಅವರು ಇನ್ನೊಂದು ಆಲ್ಬಮ್ ತಂದು, ಅದನ್ನ ಇವರೂ ನಾನೂ ಇದೇ ಮೆಟ್ಟಿಲ ಮೇಲೆ ಜೊತೆಗೆ ಕೂತು ಕೇಳೋ ಹಾಗಾದ್ರೆ, ಊರಿಗೆಲ್ಲ ನಾನೇ ಊಟ ಹಾಕಿಸ್ತೀನಿ. ಎಷ್ಟು ವರ್ಷ ಬೇಕಾದ್ರೂ ತಗೊಳ್ಳಲಿ ಅವರು. ನಿಧಾನವಾಗಿ ಮಾಡಲಿ."

ನಗು ನಿಂತಿತು. ಇಮಾಮರು ತಮ್ಮ ಎಲೆಯ ಕಡೆ ನೋಡುತ್ತಾ "ಆಮೀನ್" ಅಂದರು. ಅಂಗಳದವರೆಲ್ಲ "ಆಮೀನ್" ಅಂದರು. ಮುತ್ತುವೂ ಅಂದ. ಮಾನ್ ಏನೋ ಹೇಳಲು ಹೋದ, ಬಾಯಿ ತುಂಬ ಅನ್ನ. ಅವನು ಹೆಂಡತಿಯನ್ನೇ ನೋಡುತ್ತಾ ನಿಂತ. ಅವಳು ಆಗಲೇ ಬೆನ್ನು ತಿರುಗಿಸಿ, ತಳ ಹಿಡಿಯದಂತೆ ರೆಂದಾಂಗ್ ತಿರುವುತ್ತಿದ್ದಳು.